ಮನೆಮಂದಿಯ ಮಾತು: ದ್ವೀಪದ ಕೊಲೆಯೂ ಪಡಸಾಲೆಯ ಅಜ್ಜಿಯೂ

ಹೂವಿನಹಡಗಲಿಯ ಒಂದು ಮನೆಯ ಪಡಸಾಲೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಅಜ್ಜಿ ಮಲ್ಲಿಗೆಯ ಮೊಗ್ಗು ಕಟ್ಟುತ್ತಿದ್ದಾಳೆ. ಕಾಲೇಜಿಗೆ ಹೋಗುವ ಮೊಮ್ಮಗಳು ಕಂಬಕ್ಕೊರಗಿ ಪತ್ತೇದಾರಿ ಕಾದಂಬರಿಯೊಂದರಲ್ಲಿ ಮುಳುಗಿದ್ದಾಳೆ. ಒಳಗಿನಿಂದ ತಾಯಿ ಮೂರನೆಯ ಬಾರಿ ಕೂಗುತ್ತಾಳೆ: "ಏನವ್ವಾ, ಉಣ್ಣಾಕ ಬರಂಗಿಲ್ಲೇನು? ಸತ್ತವರ ಕಥಿ ಓದಿದ್ರ ಹೊಟ್ಟಿ ತುಂಬುತ್ತೇನು?"

ಈ ಗದರಿಕೆ ಹಡಗಲಿಯೊಂದರದೇ ಅಲ್ಲ. ಪತ್ತೇದಾರಿ ಪುಸ್ತಕ ಮನೆಯೊಳಗೆ ಕಾಲಿಟ್ಟಂದಿನಿಂದ ಕನ್ನಡ ನಾಡಿನ ಎಷ್ಟೋ ತಾಯಂದಿರು ಇದನ್ನು ಆಡಿದ್ದಾರೆ. ಒಬ್ಬರ ಸಾವನ್ನು ನಾವು ವಿನೋದಕ್ಕಾಗಿ ಓದುವುದು ಸರಿಯೇ? ಅದರಿಂದ ಮಕ್ಕಳ ಮನಸ್ಸು ಕೆಡುವುದಿಲ್ಲವೇ? ಈ ವಾರ ಆ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ.

ಹುಡುಗಿಯ ಕೈಯಲ್ಲಿರುವುದು ಅಗಾಥಾ ಕ್ರಿಸ್ಟಿಯವರ 'ಎ ಕೆರಿಬಿಯನ್ ಮಿಸ್ಟರಿ' ಎಂದಿಟ್ಟುಕೊಳ್ಳೋಣ. ಅದು 1964ರಲ್ಲಿ ಪ್ರಕಟವಾದ ಕಾದಂಬರಿ. ವೆಸ್ಟ್ ಇಂಡೀಸಿನ ಕಡೆಯ ಒಂದು ಕಲ್ಪಿತ ದ್ವೀಪ. ಬೆಚ್ಚನೆಯ ಬಿಸಿಲು, ನೀಲಿ ಕಡಲು, ದಡದಲ್ಲೊಂದು ಹೋಟೆಲು. ಕಾಯಿಲೆಯಿಂದೆದ್ದು ವಿಶ್ರಾಂತಿಗೆಂದು ಬಂದಿರುವ ಮಿಸ್ ಮಾರ್ಪಲ್ ಎಂಬ ವೃದ್ಧೆ ಅಲ್ಲಿ ಉಣ್ಣೆ ಹೆಣೆಯುತ್ತ ಕುಳಿತಿರುತ್ತಾಳೆ. ಸೇನೆಯಲ್ಲಿದ್ದು ನಿವೃತ್ತನಾದ ಮೇಜರನೊಬ್ಬ ತನ್ನ ಹಳೆಯ ಕಥೆಗಳನ್ನು ಎಲ್ಲರಿಗೂ ಹೇಳುತ್ತಿರುತ್ತಾನೆ. ಎಲ್ಲರೂ ಅರೆಕಿವಿಯಿಂದ ಕೇಳುತ್ತಾರೆ. ಒಂದು ಮಧ್ಯಾಹ್ನ ಆತ ಕೊಲೆಗಾರನೊಬ್ಬನ ಭಾವಚಿತ್ರವನ್ನು ವೃದ್ಧೆಗೆ ತೋರಿಸಲು ಹೊರಗೆ ತೆಗೆಯುತ್ತಾನೆ. ಅಷ್ಟರಲ್ಲಿ ಅವಳ ಭುಜದಾಚೆ ಏನನ್ನೋ ಕಂಡು, ಮುಖ ಕೆಂಪಾಗಿ, ಚಿತ್ರವನ್ನು ಒಳಗೆ ತುರುಕಿ ಮಾತು ಬದಲಿಸುತ್ತಾನೆ. ಮರುದಿನ ಬೆಳಿಗ್ಗೆ ಆತ ಹಾಸಿಗೆಯಲ್ಲಿಯೇ ಸತ್ತು ಬಿದ್ದಿರುತ್ತಾನೆ. ವಯಸ್ಸಾಗಿತ್ತು, ರಕ್ತದೊತ್ತಡವಿತ್ತು, ಕೋಣೆಯಲ್ಲಿ ಔಷಧಿಯ ಸೀಸೆಯೂ ಇತ್ತು. ಎಲ್ಲರಿಗೂ ಸಮಾಧಾನವಾಗುತ್ತದೆ, ಆ ಮುದುಕಿಯೊಬ್ಬಳಿಗೆ ಹೊರತು.

ಇಂಥ ಕಥೆಗೆ ದ್ವೀಪವೇ ಏಕೆ ಬೇಕು? ದ್ವೀಪಕ್ಕೆ ಬಂದುಹೋಗುವವರು ಲೆಕ್ಕಕ್ಕೆ ಸಿಕ್ಕುತ್ತಾರೆ. ಹಾದಿಹೋಕನಾದ ಕಳ್ಳನ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳುವಂತಿಲ್ಲ. ಕೊಂದವನು ನಮ್ಮೊಡನೆ ಊಟಕ್ಕೆ ಕುಳಿತವರಲ್ಲಿಯೇ ಒಬ್ಬ! ಕ್ರಿಸ್ಟಿಯವರೇ 1939ರ ಒಂದು ಕಾದಂಬರಿಯಲ್ಲಿ ಇಂಗ್ಲೆಂಡಿನ ಡೆವನ್ ತೀರದ ನಡುಗಡ್ಡೆಯೊಂದಕ್ಕೆ ಹತ್ತು ಜನರನ್ನು ಸೇರಿಸಿ, ಒಬ್ಬೊಬ್ಬರನ್ನಾಗಿ ಕಥೆಯಿಂದ ಕಳೆದರು. ಅದರ ನೆರಳು 2015ರ ಕನ್ನಡ ಚಲನಚಿತ್ರ 'ಆಟಗಾರ'ದ ಮೇಲೂ ಬಿದ್ದಿತು.

ಒಗಟು ಬಿಡಿಸುವ ಸುಖ ಹಡಗಲಿ ಸೀಮೆಯವರಿಗೆ ಹೊಸದಲ್ಲ. ಅದೇ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ನುಡಿ ಒಂದೇ ಸಾಲು. ಅದರಲ್ಲಿ ರೈತನು ಮಳೆಬೆಳೆಯನ್ನು ಕಾಣುತ್ತಾನೆ, ಇನ್ನೊಬ್ಬನು ರಾಜ್ಯದ ಆಗುಹೋಗುಗಳನ್ನು ಕಾಣುತ್ತಾನೆ. ಆದರೆ ಕಾರಣಿಕಕ್ಕೆ ಹಲವು ಅರ್ಥಗಳು ಒಪ್ಪುತ್ತವೆ. ಕೊಲೆಯ ಕಥೆಗೆ ಒಂದೇ ಅರ್ಥ ಒಪ್ಪಬೇಕು. ಸುಳಿವುಗಳೆಲ್ಲ ಓದುಗನ ಕಣ್ಣೆದುರಿಗೇ ಇರಬೇಕು, ಕೊನೆಗೆ ಯಾವುದೂ ಉಳಿಯಬಾರದು. ಬುದ್ಧಿಗೆ ಇದೊಂದು ಒಳ್ಳೆಯ ವ್ಯಾಯಾಮವೇ ಸರಿ.

ನಮ್ಮಲ್ಲಿ ಪತ್ತೇದಾರಿ ಕಾದಂಬರಿಯನ್ನು ಮನೆಮಾತಾಗಿಸಿದವರಲ್ಲಿ ಎನ್. ನರಸಿಂಹಯ್ಯನವರು (1925–2011) ಮುಖ್ಯರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಅವರು 1952ರಲ್ಲಿ ಪತ್ತೇದಾರ ಪುರುಷೋತ್ತಮನನ್ನು ಕರೆತಂದರು; ಮುಂದೆ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಹಳದಿ ಕೆಂಪಿನ ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ (1918–1967) ಪತ್ತೇದಾರಿ ಕಾದಂಬರಿಕಾರರೇ. ಹಿರಿಯರು ಈ ಪುಸ್ತಕಗಳನ್ನು ಹಗುರವೆಂದು ಜರೆದರು. ಮಕ್ಕಳು ಪಠ್ಯಪುಸ್ತಕದ ನಡುವೆ ಬಚ್ಚಿಟ್ಟುಕೊಂಡು ಓದಿದರು. ಹಾಗೆ ಓದಿದವರಲ್ಲಿ ಎಷ್ಟೋ ಮಂದಿಗೆ ಕನ್ನಡ ಓದುವ ಅಭ್ಯಾಸ ಹತ್ತಿದ್ದೇ ಅಲ್ಲಿಂದ.

ಪುರುಷೋತ್ತಮನದು ಸಾಹಸದ ಹಾದಿ. ಮಿಸ್ ಮಾರ್ಪಲ್ ಕುಳಿತಲ್ಲಿಂದ ಏಳುವುದೇ ಅಪರೂಪ. ಅವಳ ಬಂಡವಾಳವೆಲ್ಲ ತನ್ನ ಹಳ್ಳಿಯಲ್ಲಿ ಬದುಕಿದ ಅನುಭವ. ದ್ವೀಪದಲ್ಲಿ ಹೊಸ ಮುಖವೊಂದನ್ನು ಕಂಡರೆ, ತನ್ನೂರಿನ ಯಾರೋ ಒಬ್ಬರ ನಡತೆ ಅವಳಿಗೆ ನೆನಪಾಗುತ್ತದೆ. ಮನುಷ್ಯರ ಆಸೆ, ಭಯ, ಸುಳ್ಳುಗಳು ಊರು ಬದಲಾದರೂ ಬದಲಾಗುವುದಿಲ್ಲವೆಂಬುದೇ ಅವಳ ಸಿದ್ಧಾಂತ. ಈ ವಿದ್ಯೆ ನಮ್ಮ ಪಡಸಾಲೆಯ ಅಜ್ಜಿಯಂದಿರಿಗೂ ಉಂಟು. ಯಾವ ಮನೆಯ ಸೊಸೆ ನಾಲ್ಕು ದಿನದಿಂದ ಹೂ ಕೊಳ್ಳಲು ಹೊರಗೆ ಬಂದಿಲ್ಲ, ಯಾರ ಮನೆಯಲ್ಲಿ ರಾತ್ರಿ ದೀಪ ಆರಲಿಲ್ಲ ಎಂಬುದನ್ನು ಅವರು ಗಮನಿಸಿರುತ್ತಾರೆ. ನಾವು ಅದನ್ನು ಹರಟೆಯೆಂದು ತಳ್ಳಿಹಾಕುತ್ತೇವೆ.

ಕಾದಂಬರಿಯಲ್ಲಿ ಸತ್ಯದ ಹತ್ತಿರ ಮೊದಲು ಬರುವವಳು ಮಿಸ್ ಮಾರ್ಪಲ್ ಅಲ್ಲ. ಕೋಣೆ ಗುಡಿಸುವ ವಿಕ್ಟೋರಿಯಾ ಎಂಬ ದ್ವೀಪದ ಹೆಣ್ಣುಮಗಳು. ಆ ಔಷಧಿಯ ಸೀಸೆ ಹಿಂದಿನ ದಿನದವರೆಗೆ ಮೇಜರನ ಕೋಣೆಯಲ್ಲಿ ಇರಲಿಲ್ಲವೆಂದು ಅವಳಿಗೆ ಗೊತ್ತು. ದಿನವೂ ವಸ್ತುಗಳನ್ನು ಎತ್ತಿಡುವ ಕೈಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾದೀತು? ಆ ಮಾತಿಗಾಗಿ ಅವಳು ತನ್ನ ಪ್ರಾಣವನ್ನೇ ತೆರಬೇಕಾಗುತ್ತದೆ. ಹಿತವಾದ ಬಿಸಿಲಿನ ಈ ಕಥೆಯಲ್ಲಿ ಮನಸ್ಸನ್ನು ನಿಜಕ್ಕೂ ಕಲಕುವ ಸಾವು ಇದು. ಕೆಲಸದವಳ ಮಾತನ್ನು ಮೊದಲೇ ಕಿವಿಗೊಟ್ಟು ಕೇಳಿದ್ದರೆ!

ಇಲ್ಲಿಯೇ ಕಥೆ ನಮ್ಮ ಬಾಗಿಲಿಗೆ ಬರುತ್ತದೆ. "ಬಾವಿಗೆ ಕಾಲು ಜಾರಿತು", "ಸ್ಟೋವ್ ಸಿಡಿಯಿತು", "ಹೊಟ್ಟೆನೋವು ತಾಳಲಾರದೆ ಹೀಗೆ ಮಾಡಿಕೊಂಡಳು" ಎಂಬ ಮಾತುಗಳನ್ನು ಕೇಳದ ಊರು ಯಾವುದು? ಅವುಗಳಲ್ಲಿ ಎಷ್ಟೋ ನಿಜವಿರಬಹುದು. ನಿಜವೇ ಎಂದು ಯಾರಾದರೂ ಕೇಳಿದರೇ ಎಂಬುದು ಮುಖ್ಯ. ಕಾನೂನು ಈ ಕೇಳುವ ಹೊಣೆಯನ್ನು ಪೊಲೀಸರೊಬ್ಬರಿಗೇ ಬಿಟ್ಟಿಲ್ಲ. ಅಸಹಜ ಸಾವಾದಾಗ ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಸಮಕ್ಷಮದಲ್ಲಿ ಶವದ ಪಂಚನಾಮೆ ನಡೆಯಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಪ್ರಕರಣದಲ್ಲಿದ್ದ ಈ ವಿಧಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 194ನೆಯ ಪ್ರಕರಣವಾಗಿದೆ. ಮದುವೆಯಾದ ಏಳು ವರ್ಷಗಳೊಳಗೆ ಹೆಣ್ಣುಮಗಳು ಸಂಶಯಾಸ್ಪದವಾಗಿ ತೀರಿಕೊಂಡರೆ ಶವವನ್ನು ವೈದ್ಯರ ಪರೀಕ್ಷೆಗೆ ಕಳುಹಿಸಬೇಕೆಂಬ ಮಾತು 1983ರಲ್ಲಿಯೇ ಸೇರಿತು. ಪಂಚರಾಗಿ ನಿಂತವರು ಕಣ್ಣು ತೆರೆದು ನೋಡಿ ಸಹಿ ಹಾಕುವರೋ, ಊರ ಗೊಡವೆ ನಮಗೇಕೆಂದು ಕಣ್ಣು ಮುಚ್ಚಿ ಸಹಿ ಹಾಕುವರೋ, ಎಲ್ಲವೂ ಅದನ್ನು ಅವಲಂಬಿಸಿದೆ.

ಆದುದರಿಂದ ತಾಯಂದಿರಲ್ಲಿ ನನ್ನ ಅರಿಕೆಯಿಷ್ಟೆ. ರಕ್ತವನ್ನೂ ಕ್ರೌರ್ಯವನ್ನೂ ಚಪ್ಪರಿಸಿಕೊಂಡು ಬರೆದ ಪುಸ್ತಕವನ್ನು ಮನೆಯಿಂದಾಚೆಗೆ ಇಡಿರಿ. ಅದರಲ್ಲಿ ಸತ್ತವರ ಗತಿಯನ್ನು ಕೇಳುವವರಿಲ್ಲ. ಆದರೆ ಒಬ್ಬ ಬಡಾಯಿಯ ಮುದುಕನ ಸಾವಿಗೂ, ಒಬ್ಬ ಕೆಲಸದಾಕೆಯ ಸಾವಿಗೂ ಸಮನಾಗಿ ಉತ್ತರ ಕೇಳುವ ಕಥೆಯನ್ನು ಮಗಳು ಓದುತ್ತಿದ್ದರೆ ಅಂಜಬೇಕಾಗಿಲ್ಲ. ಓದಿ ಮುಗಿಸಿದ ಮೇಲೆ ಕಥೆಯನ್ನು ಮನೆಯವರಿಗೆಲ್ಲ ಹೇಳಲಿ. ಯಾರ ಮೇಲೆ ಅನುಮಾನವೆಂದು ಒಬ್ಬೊಬ್ಬರನ್ನೂ ಕೇಳಲಿ. ಅಜ್ಜಿಯೇ ಮೊದಲು ಸರಿಯುತ್ತರ ಹೇಳಿದರೆ ಆಶ್ಚರ್ಯಪಡಬೇಡಿರಿ. ಮೇಜರನು ಯಾರನ್ನು ಕಂಡು ಬೆಚ್ಚಿದನೆಂಬುದನ್ನು ಮಾತ್ರ ಈ ಅಂಕಣ ಹೇಳುವುದಿಲ್ಲ.