ಸಣ್ಣ ಅನುದಾನವೂ ಆಳವಾದ ಬಾವಿಯೂ

ಕೊಳವೆಬಾವಿಯ ಕೈಪಂಪನ್ನು ಕಾಣದ ವಿದ್ಯಾರ್ಥಿ ನಮ್ಮ ನಾಡಿನಲ್ಲಿ ವಿರಳ. ಹಿಡಿಯನ್ನು ಎಷ್ಟು ಒತ್ತಿದರೂ ನೀರು ಬಾರದೆ ಬರಿಯ ಕೀರಲು ಸದ್ದು ಕೇಳಿದ ಅನುಭವವೂ ಹಲವರಿಗೆ ಇದ್ದೀತು. 1970ರ ದಶಕದಲ್ಲಿ ಯುನಿಸೆಫ್ ಸಂಸ್ಥೆಯೂ ಭಾರತದ ತಜ್ಞರೂ ಸೊಲ್ಲಾಪುರದ ಪಂಪಿನ ಮಾದರಿಯನ್ನು ತಿದ್ದಿ ರೂಪಿಸಿದ ಈ ಯಂತ್ರದ ಹೆಸರು 'ಇಂಡಿಯಾ ಮಾರ್ಕ್ 2'. ಇಂದು ಅದು ಆಫ್ರಿಕದ ಅಸಂಖ್ಯ ಹಳ್ಳಿಗಳಲ್ಲಿಯೂ ನಿಂತಿದೆ. ಅಲ್ಲಿ ಅದನ್ನು ನಿಲ್ಲಿಸಿದ ಹಣ ಅನೇಕ ವೇಳೆ ದೂರದ ಯಾವುದೋ ಸರ್ಕಾರ ಕೊಟ್ಟ ಒಂದು ಸಣ್ಣ ಅನುದಾನ.

ಇಂತಹ ಅನುದಾನಗಳಿಗೆ ಒಂದು ಇತಿಹಾಸವುಂಟು. ಅಮೆರಿಕದ ರಾಯಭಾರಿಗಳ ಸ್ವಸಹಾಯ ನಿಧಿಯು 1964ರಲ್ಲಿ ಟೋಗೋ ದೇಶದಲ್ಲಿ ಆರಂಭವಾಯಿತು. ಊರಿನವರು ದುಡಿಮೆಯನ್ನು ಕೊಡಬೇಕು, ನಿಧಿಯು ಸಿಮೆಂಟು ಕಬ್ಬಿಣಗಳನ್ನು ಒದಗಿಸಬೇಕು ಎಂಬುದು ಅದರ ಮೂಲಭಾವನೆ. ಜಪಾನು 1989ರಲ್ಲಿ ತನ್ನ ರಾಯಭಾರ ಕಚೇರಿಗಳ ಮೂಲಕ, ಲಾಭದ ಉದ್ದೇಶವಿಲ್ಲದ ಸ್ಥಳೀಯ ಸಂಸ್ಥೆಗಳಿಗೆ ನೇರವಾಗಿ ನೆರವು ನೀಡುವ ಯೋಜನೆಯನ್ನು ಕೈಗೊಂಡಿತು. ಒಂದು ಕಾರ್ಯಕ್ಕೆ ಸಾಮಾನ್ಯವಾಗಿ ಒಂದು ಕೋಟಿ ಯೆನ್ ಎಂಬುದು ಬಹುಕಾಲ ಅದರ ಮಿತಿಯಾಗಿತ್ತು. ಮಹಾ ಅಣೆಕಟ್ಟುಗಳ ಸಾಲದ ಮುಂದೆ ಇದು ಅಲ್ಪವೇ ಸರಿ. ಆದರೆ ಶಾಲೆಯ ಎರಡು ಕೊಠಡಿಗೆ, ಹೆರಿಗೆಮನೆಯ ಸಲಕರಣೆಗೆ, ಕೆಲವು ಬಾವಿಗಳಿಗೆ ಇಷ್ಟು ಸಾಕು. ಹಣವು ರಾಜಧಾನಿಯ ಹತ್ತಾರು ಮೇಜುಗಳನ್ನು ಸುತ್ತದೆ ಊರನ್ನು ಮುಟ್ಟುವುದೂ ಸಣ್ಣ ಗುಣವಲ್ಲ. ಈ ಪದ್ಧತಿಯನ್ನು ನಾನು ಮೆಚ್ಚುತ್ತೇನೆ. ಮೆಚ್ಚುವುದರಿಂದಲೇ ಅದರ ಒಂದು ಕೊರತೆಯನ್ನು ಹೇಳಬೇಕೆನಿಸುತ್ತದೆ.

ಈ ಅನುದಾನಗಳು ಕಟ್ಟುವುದಕ್ಕೆ ಹಣ ಕೊಡುತ್ತವೆ, ನಡೆಸುವುದಕ್ಕೆ ಕೊಡುವುದಿಲ್ಲ. ಸಂಬಳ, ದುರಸ್ತಿ, ದಿನನಿತ್ಯದ ಖರ್ಚು ಊರಿನವರ ಪಾಲು. ಊರು ತನ್ನ ಕಾಲಮೇಲೆ ನಿಲ್ಲಲಿ ಎಂಬ ಆಶಯ ಯೋಗ್ಯವಾದುದೇ. ಫಲವಾದರೋ ಯೋಚನೆಗೆ ಹಚ್ಚುತ್ತದೆ. 2009ರಲ್ಲಿ ಪ್ರಕಟವಾದ ಅಂದಾಜಿನಂತೆ, ಸಹಾರಾ ಮರುಭೂಮಿಯ ದಕ್ಷಿಣದ ದೇಶಗಳಲ್ಲಿ ಕೈಪಂಪುಗಳ ಪೈಕಿ ಸುಮಾರು ಮೂರನೆಯ ಒಂದು ಪಾಲು ಕೆಟ್ಟು ನಿಂತಿದ್ದವು. ಇವುಗಳನ್ನು ನಿಲ್ಲಿಸಿದವರಲ್ಲಿ ದೊಡ್ಡವರೂ ಇದ್ದರು, ಸಣ್ಣವರೂ ಇದ್ದರು.

ಪಂಪು ಕೆಡುವುದು ಏಕೆ? ಹಳ್ಳಿಗರ ಅಲಕ್ಷ್ಯವೆಂದು ಹೇಳಿಬಿಡುವುದು ಸುಲಭ. ರಸಾಯನಶಾಸ್ತ್ರವು ಬೇರೊಂದು ಕಥೆಯನ್ನು ಹೇಳುತ್ತದೆ. ವಾಯುಭಾರವು ನೀರನ್ನು ಸುಮಾರು ಹತ್ತು ಮೀಟರಿಗಿಂತ ಮೇಲಕ್ಕೆ ತಳ್ಳಲಾರದು. ಆದಕಾರಣ ಆಳದ ಬಾವಿಯಲ್ಲಿ ಪಂಪಿನ ಉರುಳೆಯನ್ನೇ ನೀರಿನೊಳಗೆ ಇಳಿಬಿಡಬೇಕಾಗುತ್ತದೆ. 45 ಮೀಟರು ಆಳವಾದರೆ ಮೂರು ಮೀಟರಿನ 15 ಕೊಳವೆಗಳು ಒಂದಕ್ಕೊಂದು ಬಿಗಿದು ತೂಗುತ್ತವೆ. ಅವು ಸತುವಿನ ಲೇಪವುಳ್ಳ ಕಬ್ಬಿಣದವು. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮೆಲುವಾದ ಆಮ್ಲವಾಗುತ್ತದೆ. ಸುಣ್ಣಕಲ್ಲಿನ ನೆಲದಲ್ಲಿ ಆ ಹುಳಿ ಶಮನವಾಗುವುದು. ಪಶ್ಚಿಮ ಆಫ್ರಿಕದ ಹಲವೆಡೆ ಇರುವಂತಹ ಗ್ರಾನೈಟಿನ ನೆಲದಲ್ಲಿ ಅದು ಹಾಗೆಯೇ ಉಳಿಯುವುದು. ನೀರಿನ ಪಿಎಚ್ ಮೌಲ್ಯ 6.5ಕ್ಕಿಂತ ಕೆಳಗಿದ್ದರೆ ಸತುವು ಕರಗಿ, ಅದರ ಹಿಂದೆಯೇ ಕಬ್ಬಿಣವೂ ಕರಗತೊಡಗುತ್ತದೆ. ಮೇಲೆ ಬಂದ ನೀರು ಗಾಳಿಗೆ ಸೋಕಿದೊಡನೆ ಕೆಂಪಾಗುತ್ತದೆ. ಬಟ್ಟೆಗೆ ಕಲೆ, ಅನ್ನಕ್ಕೆ ಬಣ್ಣ, ನಾಲಗೆಗೆ ಒಗರು. ಹೆಂಗಸರು ಕೊಡವನ್ನು ಹೊತ್ತು ಮತ್ತೆ ಹಳೆಯ ಕೆರೆಯತ್ತ ನಡೆಯುತ್ತಾರೆ; ಆ ಕೆರೆಯ ನೀರು ತಿಳಿಯಾಗಿ ಕಂಡರೂ ರೋಗಾಣುಗಳಿಂದ ತುಂಬಿರಬಹುದು. ಕೆಲವು ವರ್ಷಗಳಲ್ಲಿ ಕೊಳವೆಯೂ ತೂತುಬಿದ್ದು ಕಳಚಿಕೊಳ್ಳುತ್ತದೆ. ಅಷ್ಟರಲ್ಲಿ ಉದ್ಘಾಟನೆಯ ಫಲಕ ಮಾತ್ರ ಹೊಳೆಯುತ್ತಿರುತ್ತದೆ!

ಇದಕ್ಕೆ ಪರಿಹಾರ ಇಲ್ಲದಿಲ್ಲ. ಆಮ್ಲಗುಣದ ನೀರಿಗೆ ತುಕ್ಕುಹಿಡಿಯದ ಉಕ್ಕು ಅಥವಾ ಪ್ಲಾಸ್ಟಿಕ್ಕಿನ ಕೊಳವೆಯನ್ನು ಬಳಸಬಹುದು. 'ಆಫ್ರಿದೇವ್' ಎಂಬ ಪಂಪನ್ನು ಊರಿನವರೇ ಬಿಚ್ಚಿ ಜೋಡಿಸುವಂತೆ ರಚಿಸಲಾಗಿದೆ. ಆದರೆ ಇವುಗಳಲ್ಲಿ ಯಾವುದು ಬೇಕೆಂಬುದು ಬಾವಿಯನ್ನು ಕೊರೆದು ನೀರನ್ನು ಪರೀಕ್ಷಿಸಿದ ಮೇಲೆ ತಿಳಿಯುವ ಸಂಗತಿ. ಅನುದಾನದ ಅರ್ಜಿಯಲ್ಲಿಯೋ ಬೆಲೆಪಟ್ಟಿ ಮೊದಲೇ ಬರೆದಿರಬೇಕು; ಕೆಲಸ ಸಾಮಾನ್ಯವಾಗಿ ಒಂದು ವರ್ಷದೊಳಗೆ ಮುಗಿದಿರಬೇಕು. ಲೆಕ್ಕಪತ್ರದ ವರ್ಷಕ್ಕೂ ತುಕ್ಕಿನ ವೇಗಕ್ಕೂ ಹೊಂದಿಕೆಯಿಲ್ಲ.

ನನ್ನ ಅಭಿಪ್ರಾಯದಲ್ಲಿ ಅನುದಾನದ ಹತ್ತನೆಯ ಒಂದು ಪಾಲನ್ನು ತಡೆಹಿಡಿದು, ಮೂರನೆಯ ವರ್ಷದ ಪರೀಕ್ಷೆಗೂ ಬಿಡಿಭಾಗಗಳಿಗೂ ಮೀಸಲಿಡಬೇಕು. ಬಾವಿ ಹತ್ತಕ್ಕೆ ಬದಲು ಒಂಬತ್ತಾಗಲಿ. ಮುಗಿದ ಕಾರ್ಯದ ಲೆಕ್ಕವನ್ನು ತೆರೆದಿಡುವುದು ಹಣಕಾಸಿನ ಶಿಸ್ತಿಗೆ ವಿರುದ್ಧವೆಂದು ಅಧಿಕಾರಿಗಳು ಆಕ್ಷೇಪಿಸಬಹುದು. ಆ ಆಕ್ಷೇಪದಲ್ಲಿ ಹುರುಳಿದೆ; ತೆರಿಗೆ ಕೊಟ್ಟವರಿಗೆ ಅವರು ಉತ್ತರ ಹೇಳಬೇಕಾದವರು. ಆದರೆ ಕೆಟ್ಟ ಪಂಪಿಗೆ ಖರ್ಚಾದ ಹಣಕ್ಕೂ ಅವರೇ ಉತ್ತರ ಹೇಳಬೇಕಷ್ಟೆ.

ಆ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯವೇನೂ ಬೇಡ. ರಾತ್ರಿಯೆಲ್ಲ ಸುಮ್ಮನಿದ್ದ ಪಂಪಿನಿಂದ ಮುಂಜಾನೆ ಮೊದಲ ಬಕೆಟ್ಟು ನೀರನ್ನು ಹಿಡಿಯಬೇಕು. ಒಂದೆರಡು ಗಂಟೆ ನೀರೆಳೆದ ಬಳಿಕ ಇನ್ನೊಂದು ಬಕೆಟ್ಟು. ಮೊದಲನೆಯದು ಕೆಂಪಾಗಿ ಎರಡನೆಯದು ತಿಳಿಯಾದರೆ ಕಬ್ಬಿಣವು ಬಂದದ್ದು ಬಹುಮಟ್ಟಿಗೆ ಕೊಳವೆಯಿಂದ. ಎರಡೂ ಒಂದೇ ಬಣ್ಣವಾದರೆ ಅದು ನೆಲದ್ದಿರಬೇಕು, ಆಗ ಕೊಳವೆ ಬದಲಿಸಿ ಫಲವಿಲ್ಲ. ಪಂಪಿನ ಬಳಿ ಇರುವ ಶಾಲೆಯ ಹುಡುಗರೇ ಇದನ್ನು ಮಾಡಿ ಬರೆದಿಡಬಲ್ಲರು.