ಉಳುಕಿದ ಕಾಲು ಮತ್ತು ನಮ್ಮ ಅವಸರ

ವೈದ್ಯನಲ್ಲದವನು ಆರೋಗ್ಯದ ಬಗ್ಗೆ ಲೇಖನಿ ಹಿಡಿಯುವುದು ಅಧಿಕಪ್ರಸಂಗವೆಂದು ವಾಚಕರು ಭಾವಿಸಿದರೆ ತಪ್ಪಿಲ್ಲ. ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಸಾಲ ವಿಭಾಗದ ಕಡತಗಳ ನಡುವೆ ಕಾಲ ಕಳೆದಿರುವ ವಾಣಿಜ್ಯ ಪದವೀಧರನಿಗೆ ಎಲುಬು ಕೀಲುಗಳ ಗೊಡವೆ ಏಕೆ? ಆದರೆ ನನ್ನ ಮನೆಯಲ್ಲಿಯೇ ಒಂದು ಪ್ರಮಾದ ನಡೆದುಹೋಯಿತು. ಅದರಲ್ಲಿ ದೊಡ್ಡ ಪಾಲು ನನ್ನದೇ ಆದ್ದರಿಂದ ಬರೆಯುತ್ತಿದ್ದೇನೆ.

2023ರ ಅಕ್ಟೋಬರ್ 19ರಂದು ಧನಕವಡಿಯ ನಾವು ಮೂರು ಕನ್ನಡ ಕುಟುಂಬಗಳವರು ಪುಣೆಯ ಇನ್ನೊಂದು ತುದಿಯಲ್ಲಿರುವ ಗಹುಂಜೆಯ ಕ್ರೀಡಾಂಗಣಕ್ಕೆ ಹೋಗಿದ್ದೆವು. ವಿಶ್ವಕಪ್ಪಿನಲ್ಲಿ ಭಾರತಕ್ಕೂ ಬಾಂಗ್ಲಾದೇಶಕ್ಕೂ ಪಂದ್ಯ. ನಮ್ಮ ರಾಹುಲನನ್ನು ಕಣ್ಣಾರೆ ಕಾಣುವ ಆಸೆ. ಒಂಬತ್ತನೆಯ ಓವರಿನಲ್ಲಿ ಹಾರ್ದಿಕ್ ಪಾಂಡ್ಯ ಚೆಂಡೆಸೆದು, ನೇರವಾಗಿ ಹಿಂದಿರುಗಿದ ಹೊಡೆತವನ್ನು ಕಾಲಿನಿಂದ ತಡೆಯಲು ಹೋಗಿ ಉರುಳಿದರು. ಎಡಪಾದದ ಕೀಲು ಹೊರಳಿತ್ತು. ಪಟ್ಟಿ ಕಟ್ಟಿಸಿಕೊಂಡು ಮತ್ತೆ ಬೌಲ್ ಮಾಡಲು ನೋಡಿದರಾದರೂ ಆಗಲಿಲ್ಲ. ಉಳಿದ ಮೂರು ಎಸೆತಗಳನ್ನು ಕೊಹ್ಲಿ ಪೂರೈಸಿದರು. ಭಾರತ 7 ವಿಕೆಟ್ಟುಗಳಿಂದ ಗೆದ್ದ ಸಂಭ್ರಮದಲ್ಲಿ ಆ ಕಾಲನ್ನು ನಾವೆಲ್ಲ ಮರೆತೆವು.

ಪಾಂಡ್ಯರನ್ನು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಗೆ ಕಳುಹಿಸಲಾಯಿತು. ನವೆಂಬರ್ 4ರಂದು ಅವರು ಪಂದ್ಯಾವಳಿಯಿಂದಲೇ ಹೊರಗುಳಿದರು. ಆ ಸ್ಥಾನಕ್ಕೆ ನಮ್ಮ ಪ್ರಸಿದ್ಧ ಕೃಷ್ಣ ಬಂದರು. ಬೇಗ ಮರಳಬೇಕೆಂದು ಚುಚ್ಚುಮದ್ದು ತೆಗೆದುಕೊಂಡು ಆತುರಪಟ್ಟದ್ದರಿಂದಲೇ ಗಾಯ ಮರುಕಳಿಸಿ ತಿಂಗಳುಗಟ್ಟಲೆ ಎಳೆಯಿತೆಂದು ಮುಂದೆ ಅವರೇ ಹೇಳಿಕೊಂಡರು. ಅದೇ ವಿಶ್ವಕಪ್ಪಿನಲ್ಲಿ 7 ಪಂದ್ಯಗಳಿಂದ 24 ವಿಕೆಟ್ ಪಡೆದ ಮೊಹಮ್ಮದ್ ಶಮಿ ಹಿಮ್ಮಡಿಯ ನೋವು ನುಂಗಿ ಆಡಿದ್ದರು. 2024ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ರಣಜಿ ಪಂದ್ಯಕ್ಕೆ ಅವರು ಮರಳುವಾಗ ನವೆಂಬರ್ ಬಂದಿತ್ತು.

ಕೋಟಿ ಬೆಲೆಯ ಕಾಲುಗಳ ಗತಿಯೇ ಇದಾದರೆ, ನಮ್ಮ ಮಕ್ಕಳ ಕಾಲುಗಳನ್ನು ನಾವು ನಡೆಸಿಕೊಳ್ಳುವ ರೀತಿ ಎಂಥದು? ನನ್ನ ಮಗಳು ಖೋ-ಖೋ ಆಡುತ್ತಾಳೆ. ಕಂಬ ಹಿಡಿದು ಗಕ್ಕನೆ ತಿರುಗುವ ಈ ಆಟದಲ್ಲಿ ಇಡೀ ಭಾರ ಪಾದದ ಕೀಲಿನ ಮೇಲೆಯೇ ಬೀಳುತ್ತದೆ. 2024ರ ಡಿಸೆಂಬರಿನಲ್ಲಿ ಅವಳ ಬಲಗಾಲು ಉಳುಕಿತು. ಅಂದೇ ಸಂಜೆ ಬಿಸಿ ಎಣ್ಣೆ ಹಚ್ಚಿ ನೀವಿಸಿದೆವು, ಶಾಖ ಕೊಟ್ಟೆವು. ಬಾವು ಇಮ್ಮಡಿಸಿತು. ಆರನೆಯ ದಿನ ನೋವು ತಗ್ಗಿತು; ಏಳನೆಯ ದಿನ ಅಂತಿಮ ಪಂದ್ಯ. ಆಯ್ಕೆದಾರರು ಬರುತ್ತಾರೆ, ಪಟ್ಟಿ ಬಿಗಿದು ಆಡಿಸೋಣ ಎಂದರು ಅವಳ ತರಬೇತುದಾರರು. ಮಗಳು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ತಂಡ ಗೆದ್ದಿತು. ಪಂದ್ಯ ಮುಗಿಯುವ ಮೊದಲೇ ಅದೇ ಕಾಲು ಮತ್ತೆ ಹೊರಳಿ, ಅವಳನ್ನು ಇಬ್ಬರು ಎತ್ತಿ ತಂದರು. ಮತ್ತೆ ಮೈದಾನಕ್ಕೆ ಇಳಿಯಲು ಅವಳಿಗೆ ಐದು ತಿಂಗಳು ಹಿಡಿಯಿತು.

ಬಳಿಕ ವೈದ್ಯರು ತಿಳಿಸಿದ್ದನ್ನು ಮೊದಲೇ ತಿಳಿದಿದ್ದರೆ! ಹರಡಿನ ಹೊರಮಗ್ಗುಲ ಎಲುಬನ್ನು ಪಾದದ ಎಲುಬುಗಳಿಗೆ ಕಟ್ಟಿರುವ ಲಿಗಮೆಂಟ್ ಎಂಬ ನಾರುಗಳಿವೆಯಷ್ಟೆ. ಪಾದ ಒಳಕ್ಕೆ ಹೊರಳಿದಾಗ ಅವು ಜಗ್ಗುತ್ತವೆ, ಅರೆಬರೆ ಹರಿಯುತ್ತವೆ, ಇಲ್ಲವೆ ಪೂರ್ತಿ ತುಂಡಾಗುತ್ತವೆ. ಬರಿಯ ಜಗ್ಗು ಒಂದೆರಡು ವಾರಗಳಲ್ಲಿ ಮಾಯಬಹುದು. ಹರಿತಕ್ಕೆ ತಿಂಗಳುಗಳು ಬೇಕು. ನನ್ನ ಕಣ್ಣು ತೆರೆಸಿದ್ದು ಇನ್ನೊಂದು ಸಂಗತಿ: ಪಾದ ಯಾವ ಭಂಗಿಯಲ್ಲಿದೆಯೆಂದು ಮೆದುಳಿಗೆ ವರದಿ ಕಳುಹಿಸುವ ಸೂಕ್ಷ್ಮ ನರತುದಿಗಳು ಆ ನಾರುಗಳಲ್ಲಿಯೇ ಇವೆ. ನೋವು ಮೊದಲು ಹೋಗುತ್ತದೆ; ಆ ಅರಿವು ಎಷ್ಟೋ ದಿನಗಳ ಅನಂತರ ಮರಳುತ್ತದೆ. ಈ ನಡುವಣ ಅವಧಿಯಲ್ಲಿಯೇ ಕಾಲು ಎರಡನೆಯ ಸಲ ಹೊರಳುವುದು. ಅವಧಿಗೆ ಮುನ್ನ ಠೇವಣಿ ಮುರಿಸಿದವರಿಗೆ ನಮ್ಮ ಬ್ಯಾಂಕಿನಲ್ಲಿ ಬಡ್ಡಿಯಷ್ಟೇ ಖೋತಾ. ಇಲ್ಲಿ ಅಸಲಿಗೇ ಸಂಚಕಾರ.

ಆದ್ದರಿಂದ ಮೊದಲ ಎರಡು ಮೂರು ದಿನ ನೀವುವುದೂ ಬೇಡ, ಶಾಖವೂ ಬೇಡ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹದವಾದ ಪಟ್ಟಿ, ದಿಂಬಿನ ಮೇಲೆ ಎತ್ತಿಟ್ಟ ಕಾಲು, ಇಷ್ಟು ಸಾಕು. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಹರಡಿನ ಎಲುಬಿನ ಹಿಂಬದಿ ಅಂಚನ್ನೋ ತುದಿಯನ್ನೋ ಒತ್ತಿದಾಗ ನೋವಾದರೆ ಎಕ್ಸ್-ರೇ ಮಾಡಿಸಲೇಬೇಕು. ಕೆನಡಾದ ಆಟವಾ ನಗರದ ವೈದ್ಯರು 1992ರಲ್ಲಿ ಪ್ರಕಟಿಸಿದ ಈ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಹಾಗೆಂದು ತಿಂಗಳುಗಟ್ಟಲೆ ಮಂಚ ಹಿಡಿಯುವುದೂ ತಪ್ಪು. ವೈದ್ಯರ ಸಲಹೆಯಂತೆ ಮೆಲ್ಲಗೆ ನಡೆಯುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಕುಪ್ಪಳಿಸುವುದು, ಕೊನೆಗೆ ತಿರುವು ಓಟ. ಒಂಟಿ ಕಾಲಲ್ಲಿ ನೋವಿಲ್ಲದೆ, ತೂರಾಡದೆ ಕುಪ್ಪಳಿಸಲಾರದ ಆಟಗಾರನನ್ನು ಯಾವ ಪದಕಕ್ಕಾಗಿಯೂ ಕಣಕ್ಕಿಳಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಈ ಮಾತನ್ನು ಹನ್ನೆರಡು ಹದಿಮೂರರ ಮಗು ತಾನಾಗಿ ಹೇಳಲಾರದು. ಹೇಳಬೇಕಾದವರು ನಾವು. ನಾನು ಹೇಳಲಿಲ್ಲ.

2024ರ ಜೂನ್ 29ರ ರಾತ್ರಿ ಬಾರ್ಬಡೋಸಿನಲ್ಲಿ ಅದೇ ಪಾಂಡ್ಯ ಕೊನೆಯ ಓವರ್ ಎಸೆದು 7 ರನ್ನುಗಳಿಂದ ಟಿ-20 ವಿಶ್ವಕಪ್ ಗೆಲ್ಲಿಸಿದರು. ಆರು ತಿಂಗಳ ಅನಂತರ ನಾನು ತಲೆಯಾಡಿಸಿದಾಗ ನೆನಪಿದ್ದದ್ದು ಆ ಓವರ್ ಮಾತ್ರ; ಅದರ ಹಿಂದಿನ ನಾಲ್ಕು ತಿಂಗಳ ಕಾಯುವಿಕೆ ನೆನಪಾಗಲಿಲ್ಲ.

ಈಗ ಮಗಳು ಬೆಳಿಗ್ಗೆ ಹಲ್ಲುಜ್ಜುವಾಗ ಬಲಗಾಲೊಂದರಲ್ಲೇ ನಿಲ್ಲುತ್ತಾಳೆ; ಅವಳ ಅಜ್ಜಿ ಬಾಗಿಲಲ್ಲಿ ಕುಳಿತು ಮೂವತ್ತರವರೆಗೆ ಎಣಿಸುತ್ತಾರೆ. ರಾಜ್ಯೋತ್ಸವದ ಅಂಗವಾಗಿ ನಮ್ಮ ಸಂಘವೂ ಮಕ್ಕಳ ಕ್ರೀಡಾಕೂಟ ನಡೆಸುತ್ತದೆ. ಬಹುಮಾನದ ಬಟ್ಟಲುಗಳಿಗೆ ತೆಗೆದಿರಿಸುವ ಹಣದಲ್ಲಿ ಒಂದು ಪಾಲನ್ನು ಮೈದಾನದಲ್ಲಿ ಫಿಜಿಯೋಥೆರಪಿಸ್ಟ್ ಒಬ್ಬರನ್ನು ಇರಿಸಲು ಮೀಸಲಿಡಬೇಕೆಂದೂ, ಅವರು ಬೇಡವೆಂದ ಮಗುವನ್ನು ತಂದೆತಾಯಿ ಒಪ್ಪಿದರೂ ಆಡಿಸಬಾರದೆಂದೂ ಕಾರ್ಯಕಾರಿ ಸಮಿತಿಗೆ ಪತ್ರ ಬರೆದಿದ್ದೇನೆ. ಮಂಜುಗಡ್ಡೆಯ ಪೆಟ್ಟಿಗೆ ತರುವ ಹೊಣೆ ನನ್ನದು.