ಓ ಪೇರ್ ಅಂದ್ರೆ ಸೆಟ್ಲ್ ಆಗುವ ವೀಸಾ ಅಲ್ಲ: ವಿಮಾನ ಹತ್ತುವ ಮೊದಲು ಲೆಕ್ಕ ನೋಡಿ

ಕಾಸರಗೋಡಿನ ವಿದ್ಯಾನಗರ ಅಂದ್ರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಎರಡು ಜಾಗ. ಒಂದು 1957ರಲ್ಲಿ ಶುರುವಾದ ಸರ್ಕಾರಿ ಕಾಲೇಜು. ಇನ್ನೊಂದು ಜಿಲ್ಲಾ ಕಲೆಕ್ಟರೇಟ್. ಒಂದು ಕಡೆ ಮಕ್ಕಳು ಮುಂದೇನು ಅಂತ ಯೋಚಿಸ್ತಾರೆ, ಇನ್ನೊಂದು ಕಡೆ ಅದಕ್ಕೆ ಬೇಕಾದ ಕಾಗದಪತ್ರಕ್ಕೆ ಓಡಾಡ್ತಾರೆ. ಈ ಮಕ್ಕಳ ಬಾಯಲ್ಲಿ ಹಿಂದೆ ದುಬೈ, ದೋಹಾ ಮಾತ್ರ ಇತ್ತು. ಈಗ ಜರ್ಮನಿಯೂ ಬರ್ತಾ ಉಂಟು. ಅದರ ಜೊತೆಗೆ ಒಂದು ಹೊಸ ಶಬ್ದವೂ ಬಂದಿದೆ: ಓ ಪೇರ್.

ಇನ್‌ಸ್ಟಾಗ್ರಾಂ ರೀಲ್‌ನಲ್ಲಿ ಇದನ್ನು ತೋರಿಸುವ ರೀತಿ ಹೀಗೆ: ಐಇಎಲ್‌ಟಿಎಸ್ ಬೇಡ, ಡಿಗ್ರಿ ಬೇಡ, ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ದುಡ್ಡು ತೋರಿಸುವುದೂ ಬೇಡ. ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡರೆ ಸಾಕು, ಯುರೋಪ್‌ನಲ್ಲಿ ಲೈಫ್ ಸೆಟ್ಲ್. ಇದರಲ್ಲಿ ಅರ್ಧ ನಿಜ ಇದೆ. ಆದರೆ ಮನೆಯವರು ಸಾಲ ಮಾಡಿ ಕಳಿಸುವುದು ಆ ಇನ್ನರ್ಧವನ್ನು ನಂಬಿ.

ಮೊದಲು ಇದು ಎಂತ ಅಂತ ನೋಡುವ. ‘ಓ ಪೇರ್’ ಫ್ರೆಂಚ್ ಮಾತು, ‘ಸರಿಸಮಾನ’ ಅನ್ನುವ ಅರ್ಥ. ಬೇರೆ ದೇಶದ ಯುವಕ ಅಥವಾ ಯುವತಿ ಒಂದು ಕುಟುಂಬದ ಜೊತೆ ಮನೆಯ ಸದಸ್ಯರ ಹಾಗೆ ಇದ್ದು, ಮಕ್ಕಳನ್ನು ನೋಡಿಕೊಳ್ಳುವುದು, ಸಣ್ಣಪುಟ್ಟ ಮನೆಗೆಲಸಕ್ಕೆ ಕೈ ಹಾಕುವುದು, ಅದರ ಬದಲಿಗೆ ಊಟ, ರೂಮ್, ಸ್ವಲ್ಪ ಪಾಕೆಟ್ ಮನಿ ಪಡೆದು ಆ ದೇಶದ ಭಾಷೆ ಕಲಿಯುವುದು. ಯುರೋಪ್ ಕೌನ್ಸಿಲ್ 1969ರಲ್ಲೇ ಇದರ ಬಗ್ಗೆ ಒಂದು ಒಪ್ಪಂದ ಮಾಡಿತ್ತು. ಅಂದರೆ ಮೂಲದಲ್ಲಿ ಇದು ಉದ್ಯೋಗ ಅಲ್ಲ, ಭಾಷೆ ಮತ್ತು ಸಂಸ್ಕೃತಿ ಕಲಿಯುವ ವ್ಯವಸ್ಥೆ.

ಜರ್ಮನಿಯ ನಿಯಮ ಸ್ಪಷ್ಟವಾಗಿದೆ. ವಯಸ್ಸು 18 ಆಗಿರಬೇಕು, ವೀಸಾಕ್ಕೆ ಅರ್ಜಿ ಹಾಕುವಾಗ 27 ತುಂಬಿರಬಾರದು. ಜರ್ಮನ್ ಭಾಷೆ ಎ1 ಮಟ್ಟದಲ್ಲಾದರೂ ಬರಬೇಕು. ದಿನಕ್ಕೆ ಹೆಚ್ಚೆಂದರೆ 6 ಗಂಟೆ, ವಾರಕ್ಕೆ 30 ಗಂಟೆ ಕೆಲಸ. ವಾರಕ್ಕೆ ಒಂದೂವರೆ ದಿನ ರಜೆ, ಪೂರ್ತಿ ವರ್ಷ ಇದ್ದರೆ ನಾಲ್ಕು ವಾರದ ರಜೆ ಬೇರೆ. ಮಲಗಲಿಕ್ಕೆ ಸ್ವಂತ ರೂಮ್ ಕೊಡಬೇಕು. ಆರೋಗ್ಯ ಮತ್ತು ಅಪಘಾತ ವಿಮೆಯ ಖರ್ಚು ಆ ಕುಟುಂಬದ್ದು. ಭಾಷಾ ತರಗತಿಗೆ ತಿಂಗಳಿಗೆ 70 ಯುರೋ ಅವರೇ ಕೊಡಬೇಕು. ಪಾಕೆಟ್ ಮನಿ ತಿಂಗಳಿಗೆ 280 ಯುರೋ. ಇರುವ ಅವಧಿ ಆರು ತಿಂಗಳಿಂದ ಒಂದು ವರ್ಷ.

ಈಗ ಲೆಕ್ಕ ಹಾಕಿ. ಒಂದು ಯುರೋಗೆ ಸುಮಾರು 100 ರೂಪಾಯಿ ಅಂತ ಹಿಡಿದರೆ ತಿಂಗಳಿಗೆ 28,000. ಇಡೀ ವರ್ಷಕ್ಕೆ 3,36,000 ರೂಪಾಯಿ. ಊಟ, ವಸತಿ ಬಿಟ್ಟಿ ಅಂತ ಒಪ್ಪಿದರೂ, ಬಸ್ಸು, ಬಟ್ಟೆ, ಫೋನ್ ಎಲ್ಲ ಇದರಲ್ಲೇ ಆಗಬೇಕು. ಕೆಲಸದ ಗಂಟೆಗೆ ಭಾಗಿಸಿದರೆ ಎರಡು ಯುರೋ ಚಿಲ್ಲರೆ ಬೀಳ್ತದೆ. ಅದೇ ಜರ್ಮನಿಯಲ್ಲಿ 2025ರ ಕನಿಷ್ಠ ವೇತನ ಗಂಟೆಗೆ 12.82 ಯುರೋ. ಇದು ಮೋಸ ಅಲ್ಲ. ಓ ಪೇರ್ ಅಲ್ಲಿನ ಕಾನೂನಿನಲ್ಲಿ ನೌಕರ ಅಲ್ಲ, ಹಾಗಾಗಿ ಕನಿಷ್ಠ ವೇತನ ಅನ್ವಯಿಸುವುದಿಲ್ಲ, ಅಷ್ಟೇ. ಆದರೆ ಊರಿನಲ್ಲಿ ಯಾರಾದರೂ ಏಜೆಂಟ್ ಇದಕ್ಕೆ ಎರಡು ಲಕ್ಷ ಕೇಳಿದರೆ, ಅವನು ಕೇಳುತ್ತಿರುವುದು ನಿಮ್ಮ ಮಗಳ ಏಳು ತಿಂಗಳ ಪಾಕೆಟ್ ಮನಿ. ಜರ್ಮನಿಯ ಏಜೆನ್ಸಿಗಳಿಗೇ ಓ ಪೇರ್‌ನಿಂದ 150 ಯುರೋಗಿಂತ ಹೆಚ್ಚು ಶುಲ್ಕ ವಸೂಲಿ ಮಾಡಲಿಕ್ಕಿಲ್ಲ. ಮನೆಗೆ ದುಡ್ಡು ಕಳಿಸ್ಬೇಕು, ತಂಗಿಯ ಮದುವೆಗೆ ಕೂಡಿಡ್ಬೇಕು ಅಂತ ಇರುವವರಿಗೆ ಇದು ದಾರಿಯೇ ಅಲ್ಲ.

ಇನ್ನೆರಡು ನಿಯಮ ರೀಲ್‌ನಲ್ಲಿ ಹೇಳುವುದಿಲ್ಲ. ಒಂದು, ಜರ್ಮನಿಯಲ್ಲಿ ಓ ಪೇರ್ ಆಗುವ ಅವಕಾಶ ಜೀವನದಲ್ಲಿ ಒಂದೇ ಸಲ. ನಾಲ್ಕು ತಿಂಗಳಿಗೆ ಬೇಸರವಾಗಿ ಬಂದರೂ ಮತ್ತೆ ಸಿಗುವುದಿಲ್ಲ. ಎರಡು, ಕುಟುಂಬಕ್ಕೂ ಓ ಪೇರ್‌ಗೂ ಸಂಬಂಧಿಕತನ ಇರಬಾರದು. ಮನೆಯಲ್ಲಿ ಜರ್ಮನ್ ಮಾತಾಡಬೇಕು, ಅದು ಅವರ ಮಾತೃಭಾಷೆ ಅಲ್ಲದಿದ್ದರೆ ಅವರದೇ ಮೂಲದೇಶದಿಂದ ಓ ಪೇರ್ ತರಿಸಲಿಕ್ಕೆ ಬಿಡುವುದಿಲ್ಲ. ಅಂದರೆ ‘ಮ್ಯೂನಿಕ್‌ನಲ್ಲಿ ನಮ್ಮ ಕಾಕನ ಮಗ ಇದ್ದಾನೆ, ಅವನೇ ಕರೆಸ್ಕೊಳ್ತಾನೆ’ ಅನ್ನುವ ಮಾತು ನಡೆಯುವುದಿಲ್ಲ. ನಮ್ಮ ಮಕ್ಕಳು ಹೋಗುವುದು ಪೂರ್ತಿ ಅಪರಿಚಿತರ ಮನೆಗೇ.

ಎಲ್ಲ ದೇಶದಲ್ಲೂ ಈ ಬಾಗಿಲು ತೆರೆದಿಲ್ಲ ಅನ್ನುವುದೂ ಗೊತ್ತಿರಲಿ. ಬ್ರಿಟನ್‌ನಲ್ಲಿ ಈಗ ಓ ಪೇರ್ ವೀಸಾ ಎಂಬುದೇ ಇಲ್ಲ. ನಾರ್ವೆ 2024ರ ಮಾರ್ಚ್‌ನಲ್ಲಿ ಈ ಯೋಜನೆಯನ್ನೇ ನಿಲ್ಲಿಸಿತು. ಸಂಸ್ಕೃತಿ ವಿನಿಮಯದ ಹೆಸರಿನಲ್ಲಿ ಅಗ್ಗದ ಮನೆಕೆಲಸ ಮಾಡಿಸ್ತಾರೆ ಎಂಬ ಟೀಕೆ ಅಲ್ಲಿ ಬಹಳ ವರ್ಷದಿಂದ ಇತ್ತು. ಯಾರಾದರೂ ‘ಲಂಡನ್ ಓ ಪೇರ್ ವೀಸಾ ರೆಡಿ’ ಅಂದ್ರೆ, ಅಲ್ಲಿಗೇ ಮಾತು ಮುಗಿಸಿ.

ಮಕ್ಕಳನ್ನು ನೋಡಿಕೊಳ್ಳಲಿಕ್ಕೆ ವಿದೇಶಕ್ಕೆ ಹೋಗುವುದು ನಮಗೆ ಹೊಸತಲ್ಲ, ಹೆಸರು ಮಾತ್ರ ಹೊಸತು. ಕಾಸರಗೋಡು, ಮಂಜೇಶ್ವರ, ಉಳ್ಳಾಲದ ಎಷ್ಟೋ ಮನೆಯ ಗಂಡಸರು ಗಲ್ಫ್‌ನಲ್ಲಿ ಅರಬ್ಬಿ ಮನೆಯ ಡ್ರೈವರ್ ಆಗಿ, ಅಡುಗೆಯವರಾಗಿ ದುಡಿದಿದ್ದಾರೆ. ಹೆಂಗಸರು ‘ಗದ್ದಾಮ’ ಆಗಿ ಹೋದರು. ಆ ಹೆಸರಿನಲ್ಲೇ 2011ರಲ್ಲಿ ಕಮಲ್ ಅವರು ಕಾವ್ಯಾ ಮಾಧವನ್ ಅವರನ್ನು ಹಾಕಿಕೊಂಡು ಮಲಯಾಳ ಸಿನಿಮಾ ಮಾಡಿದರು. ಅಲ್ಲಿ ಪಟ್ಟ ಕಷ್ಟ ನೋಡಿಯೇ ಸರ್ಕಾರ ನಿಯಮ ಬಿಗಿ ಮಾಡಿತು. ಇಸಿಆರ್ ಪಾಸ್‌ಪೋರ್ಟ್ ಇರುವ ಮಹಿಳೆ ಗಲ್ಫ್ ಸೇರಿದಂತೆ 18 ದೇಶಗಳಿಗೆ ಮನೆಕೆಲಸಕ್ಕೆ ಹೋಗಬೇಕಾದರೆ 30 ವರ್ಷ ಆಗಿರಬೇಕು. ನೋರ್ಕಾ ರೂಟ್ಸ್, ಒಡೆಪೆಕ್‌ನಂಥ ಸರ್ಕಾರಿ ಸಂಸ್ಥೆಗಳ ಮೂಲಕವೇ ಹೋಗಬೇಕು. ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಕರಾರು ದಾಖಲಾಗಬೇಕು.

ಆದರೆ ಈ ಬೇಲಿ ಯಾರಿಗೆ? ಹತ್ತನೇ ಕ್ಲಾಸ್ ಪಾಸಾಗದವರಿಗೆ. ಹತ್ತನೇ ಪಾಸಾದರೆ ಪಾಸ್‌ಪೋರ್ಟ್ ಇಸಿಎನ್‌ಆರ್ ಆಗ್ತದೆ. ಜರ್ಮನಿ ಆ 18 ದೇಶಗಳ ಪಟ್ಟಿಯಲ್ಲೂ ಇಲ್ಲ. ಅಂದರೆ ಪ್ಲಸ್ ಟು, ಡಿಗ್ರಿ ಮುಗಿಸಿದ ನಮ್ಮ ಮಗಳು ಓ ಪೇರ್ ಆಗಿ ಹೊರಟಾಗ, ಅವಳ ಕರಾರನ್ನು ನಮ್ಮ ಸರ್ಕಾರದ ಯಾವ ಅಧಿಕಾರಿಯೂ ನೋಡುವುದಿಲ್ಲ. ಓದದವಳಿಗೆ ಕಾವಲು ಇದೆ, ಓದಿದವಳಿಗೆ ಇಲ್ಲ. ಓದಿದವಳು ತನ್ನನ್ನು ತಾನೇ ನೋಡಿಕೊಳ್ತಾಳೆ ಎಂಬ ನಂಬಿಕೆ ಇದರ ಹಿಂದೆ ಇದೆ. ಈ ನಂಬಿಕೆ ಎಷ್ಟು ಗಟ್ಟಿ? 2022ರಲ್ಲಿ ಕೊಚ್ಚಿಯಲ್ಲಿ ದಾಖಲಾದ ಪ್ರಕರಣವನ್ನು ನೆನಪು ಮಾಡಿಕೊಳ್ಳಿ. ಕುವೈತ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ, ಖರ್ಚಿಲ್ಲದೆ ವೀಸಾ ಅಂತ ಹೇಳಿ ಕೇರಳದ ಮಹಿಳೆಯರನ್ನು ಕಳಿಸಿ, ಅಲ್ಲಿ ಮನೆಗಳಿಗೆ ಮಾರಿದರು ಎಂಬುದು ಆ ದೂರು. ಜರ್ಮನಿ ಕುವೈತ್ ಅಲ್ಲ, ಅಲ್ಲಿ ಕಫಾಲ ಇಲ್ಲ, ಕುಟುಂಬ ಸರಿ ಇಲ್ಲದಿದ್ದರೆ ಬೇರೆ ಕುಟುಂಬಕ್ಕೆ ಬದಲಾಗುವ ದಾರಿಯೂ ಇದೆ. ಆದರೂ ‘ಮಕ್ಕಳನ್ನು ನೋಡಿಕೊಂಡರೆ ಸಾಕು’ ಎಂಬ ಮಾತು ಎಲ್ಲಿಂದ ಬಂದರೂ ಕಾಗದ ತೋರಿಸು ಅಂತ ಕೇಳುವುದು ನಮ್ಮ ಕೆಲಸ.

ಒಂದು ಮಾತು ನಮ್ಮ ಬಗ್ಗೆಯೂ ಹೇಳ್ಬೇಕು. ಗಲ್ಫ್‌ನಲ್ಲಿ ಫ್ಯಾಮಿಲಿ ಇಟ್ಟುಕೊಂಡ ನಮ್ಮವರು ಮಗು ನೋಡಿಕೊಳ್ಳಲಿಕ್ಕೆ ಊರಿನ ಬಡ ಸಂಬಂಧಿಕರ ಹುಡುಗಿಯನ್ನು ಕರೆಸಿಕೊಂಡದ್ದು ಉಂಟು. ‘ನಮ್ಮ ಮಗಳ ಹಾಗೆ ನೋಡಿಕೊಳ್ತೇವೆ’ ಅಂತಲೇ ಹೇಳಿದ್ದು. ಮಗಳ ಹಾಗೆ ಅಂದದ್ದಕ್ಕೆ ಸಂಬಳ ಮಾತಾಡಲಿಲ್ಲ, ರಜೆ ಮಾತಾಡಲಿಲ್ಲ. ಮನೆಯ ಸದಸ್ಯ ಅನ್ನುವ ಮಾತು ಎಷ್ಟು ಸಿಹಿಯೋ ಅಷ್ಟೇ ಅಪಾಯ. ಅದರ ಹಿಂದೆ ಕೆಲಸದ ಗಂಟೆ ಮರೆಯಾಗ್ತದೆ. ಯುಎಇ 2022ರಲ್ಲಿ ತಂದ ಮನೆಕೆಲಸದವರ ಹೊಸ ಕಾನೂನಿನಲ್ಲಿ ವಾರಕ್ಕೊಂದು ರಜೆ, ವರ್ಷಕ್ಕೆ 30 ದಿನ ರಜೆ, ದಿನಕ್ಕೆ 12 ಗಂಟೆ ವಿಶ್ರಾಂತಿ ಬರೆದಿಟ್ಟಿದ್ದಾರೆ. ಬರೆದಿಟ್ಟರೆ ಮಾತ್ರ ಹಕ್ಕು. ನಮ್ಮ ಮಕ್ಕಳಿಗೆ ಯುರೋಪ್‌ನಲ್ಲಿ ಏನು ಬೇಕು ಅಂತ ಕೇಳ್ತೇವೋ, ಅದನ್ನು ನಮ್ಮ ಮನೆಗೆ ಬರುವ ಹುಡುಗಿಗೂ ಕೊಡಬೇಕಲ್ವಾ?

ಹಾಗಾದರೆ ಹೋಗ್ಲೇಬಾರದಾ? ಹಾಗಲ್ಲ. ಓ ಪೇರ್ ವರ್ಷಕ್ಕೆ ಒಂದು ಬೆಲೆ ಇದೆ, ಅದು ಭಾಷೆ. ಎ1 ಇದ್ದವರು ದಿನವೂ ಮಕ್ಕಳ ಜೊತೆ ಮಾತಾಡಿ, ತರಗತಿಗೆ ಹೋಗಿ ಬಿ1, ಬಿ2 ತನಕ ಮುಟ್ಟಿದರೆ, ಮುಂದೆ ‘ಆಸ್‌ಬಿಲ್ಡುಂಗ್’ ಎಂಬ ಸ್ಟೈಪೆಂಡ್ ಸಹಿತ ವೃತ್ತಿ ತರಬೇತಿಗೆ ಅರ್ಜಿ ಹಾಕಬಹುದು. ಸೆಟ್ಲ್ ಆಗುವ ದಾರಿ ಶುರುವಾಗುವುದು ಅಲ್ಲಿಂದ. ಭಾಷೆ ಕಲಿಯದೆ ವರ್ಷ ಕಳೆದರೆ ವಾಪಸ್ ಟಿಕೆಟ್ ಮಾತ್ರ. ಭಾಷೆಯನ್ನು ಊರಲ್ಲೇ ಕಲಿಯಲಿಕ್ಕೆ ಆಗುವವರು ಓ ಪೇರ್ ಬಿಟ್ಟು ನೇರವಾಗಿಯೂ ಹೋಗಬಹುದು. ನರ್ಸ್‌ಗಳಿಗೆ ನೋರ್ಕಾ ಮತ್ತು ಜರ್ಮನಿಯ ಸರ್ಕಾರಿ ಸಂಸ್ಥೆಗಳ ಟ್ರಿಪಲ್ ವಿನ್ ಯೋಜನೆ ಇದೆ. ಪ್ಲಸ್ ಟು ಮುಗಿಸಿದವರಿಗೆ ನರ್ಸಿಂಗ್ ತರಬೇತಿಯ ಟ್ರೈನಿ ಯೋಜನೆಯೂ ಬಂದಿದೆ. ಜರ್ಮನಿ 2024ರಲ್ಲಿ ಭಾರತದ ನುರಿತ ಕೆಲಸಗಾರರಿಗೆ ವರ್ಷದ ವೀಸಾ ಸಂಖ್ಯೆಯನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿದ್ದೂ ನುರಿತವರಿಗೇ.

ಓ ಪೇರ್ ಆಗಿಯೇ ಹೋಗುವವರು ಕುಟುಂಬದ ಜೊತೆ ಎರಡು ಮೂರು ಸಲವಾದರೂ ವಿಡಿಯೋ ಕಾಲ್ ಮಾಡಿ. ಸಂಕೋಚ ಬೇಡ: ನಮಾಝ್, ಹಲಾಲ್ ಊಟ, ರಮಝಾನ್ ಉಪವಾಸ, ತಲೆವಸ್ತ್ರ, ಹಂದಿಮಾಂಸದ ಅಡುಗೆ, ನಾಯಿ ಸಾಕಿದ್ದಾರಾ, ಎಲ್ಲವನ್ನೂ ಮೊದಲೇ ಮಾತಾಡಿ. ಒಪ್ಪದ ಕುಟುಂಬ ಕೆಟ್ಟದ್ದು ಅಂತ ಅಲ್ಲ, ನಿಮಗೆ ಹೊಂದುವುದಿಲ್ಲ ಅಷ್ಟೇ. ಕರಾರಿನಲ್ಲಿ ಗಂಟೆ, ರಜೆ, ರೂಮ್, ವಿಮೆ, ಭಾಷಾ ತರಗತಿ ಬರೆದಿದೆಯಾ ನೋಡಿ, ಒಂದು ಪ್ರತಿ ಉಮ್ಮನ ಕೈಯಲ್ಲಿರಲಿ. ಪಾಸ್‌ಪೋರ್ಟ್ ಯಾರ ಕೈಗೂ ಇಡಲಿಕ್ಕೆ ಕೊಡಬೇಡಿ. ವಾಪಸ್ ಟಿಕೆಟಿನ ದುಡ್ಡು ಬೇರೆ ತೆಗೆದಿಡಿ. ಕೈಯಲ್ಲಿ ಆ ದುಡ್ಡಿದ್ದರೆ ‘ಸಾಕು’ ಅನ್ನಲಿಕ್ಕೆ ಧೈರ್ಯ ಬರ್ತದೆ. ನೋರ್ಕಾದ ಉಚಿತ ಸಹಾಯವಾಣಿ 1800 425 3939 ಫೋನ್‌ನಲ್ಲಿ ಸೇವ್ ಇರಲಿ.

ಕೊನೆಗೆ ನಮ್ಮ ಜಮಾಅತ್‌ಗಳಿಗೆ, ಸಂಘಟನೆಗಳಿಗೆ ಒಂದು ಮನವಿ. ನೋರ್ಕಾದ ಮಾಹಿತಿ ಹೆಚ್ಚಾಗಿ ಮಲಯಾಳ, ಇಂಗ್ಲಿಷ್‌ನಲ್ಲಿ ಬರ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಗಡಿಯ ಮಕ್ಕಳಿಗೆ ಅದಕ್ಕಿಂತ ಮೊದಲು ತಲುಪುವುದು ಏಜೆಂಟನ ವಾಟ್ಸಾಪ್. ವಿದ್ಯಾನಗರದ ಕಲೆಕ್ಟರೇಟ್‌ನಲ್ಲಿ ಕನ್ನಡದಲ್ಲಿ ಮಾಹಿತಿ ಕೊಡುವ ವ್ಯವಸ್ಥೆ ಬೇಕು ಅಂತ ಒಟ್ಟಾಗಿ ಕೇಳುವ. ಅದು ಬರುವ ತನಕ ಪ್ರತಿ ಮಹಲ್ಲಿನಲ್ಲಿ ಕರಾರು ಓದಿ ಅರ್ಥ ಹೇಳಬಲ್ಲ ಇಬ್ಬರು ಪದವೀಧರರನ್ನು ಗುರುತಿಸಿ, ಜುಮಾ ಆದ ಮೇಲೆ ಅರ್ಧ ಗಂಟೆ ಕೂರಿಸಿ. ಹೊರಟ ಮಗಳನ್ನು ತಡೆಯಲಿಕ್ಕಲ್ಲ. ಅವಳು ಸಹಿ ಹಾಕುವ ಕಾಗದದಲ್ಲಿ ಎಂತ ಬರೆದಿದೆ ಅಂತ ಅವಳಿಗೂ ಮನೆಯವರಿಗೂ ಮೊದಲೇ ಗೊತ್ತಿರಲಿಕ್ಕೆ.